ಶುಗರ್ ಮೀಟರ್ ಮನೆಯಲ್ಲುಂಟು. ನೋಡುವುದು ಯಾವಾಗ, ಬರೆಯುವುದು ಹೇಗೆ?

ಮಂಗಳೂರು, ಉಡುಪಿ ಕಡೆ ಶುಗರ್ ಇರುವವರ ಮನೆಯಲ್ಲಿ ಈಗ ಮೀಟರ್ ಅಪರೂಪದ ವಸ್ತು ಅಲ್ಲ. ಅದನ್ನು ಬಳಸುವ ಕ್ರಮವೂ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಒಮ್ಮೆ ಚುಚ್ಚಿ ನೋಡುವುದು. 115 ಬಂದರೆ ಆ ದಿನ ಖುಷಿ. 160 ಬಂದರೆ ಬೇಜಾರು, ಮತ್ತೆ ಎರಡು ವಾರ ಮೀಟರ್ ಕಪಾಟಿನೊಳಗೆ.

ಮಧ್ಯಾಹ್ನ ಊಟದ ನಂತರ ಎಷ್ಟಿರುತ್ತದೆ ಎಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ನಮ್ಮದು ಬೆಳಿಗ್ಗೆ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ ಅಥವಾ ಗಂಜಿ. ಮೂರು ಹೊತ್ತೂ ಅಕ್ಕಿಯೇ. ಶುಗರ್ ಏರುವುದು, ಇಳಿಯುವುದು ಎಲ್ಲ ಆ ಊಟಗಳ ಬೆನ್ನಿಗೆ. ಬೆಳಗಿನ ಒಂದು ಸಂಖ್ಯೆ ಅದನ್ನು ಹೇಳುವುದಿಲ್ಲ. ಹಾಗೆಂದು ಬರೀ ಮಾತ್ರೆ ತೆಗೆದುಕೊಳ್ಳುವವರು ದಿನಾ ಚುಚ್ಚಿಕೊಳ್ಳಬೇಕೆಂದೇನಿಲ್ಲ. ವಾರಕ್ಕೆ ಎರಡು ಮೂರು ದಿನ ಸಾಕು, ಆದರೆ ಸರಿಯಾದ ಹೊತ್ತಿಗೆ ನೋಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರ ಮತ್ತು ಗರ್ಭಿಣಿಯರ ಲೆಕ್ಕ ಬೇರೆ. ಅವರು ಡಾಕ್ಟರ್ ಹೇಳಿದಷ್ಟು ಸಲ ನೋಡಲೇಬೇಕು.

ಎಷ್ಟಿದ್ದರೆ ಸರಿ?

ಶುಗರ್ ಇರುವ ಹೆಚ್ಚಿನ ವಯಸ್ಕರಿಗೆ ಡಾಕ್ಟರ್‌ಗಳು ಇಡುವ ಗುರಿ ಇದು: ಊಟಕ್ಕೆ ಮೊದಲು 80ರಿಂದ 130, ಊಟ ಶುರು ಮಾಡಿ ಎರಡು ಗಂಟೆಯಾದಾಗ 180ರ ಒಳಗೆ. 70ಕ್ಕಿಂತ ಕೆಳಗೆ ಹೋದರೆ ಅದು ಲೋ ಶುಗರ್. ವಯಸ್ಸಾದವರಿಗೆ, ಒಂಟಿಯಾಗಿರುವವರಿಗೆ, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರಿಗೆ ಗುರಿಯನ್ನು ಸ್ವಲ್ಪ ಸಡಿಲ ಮಾಡುತ್ತಾರೆ. 80 ವರ್ಷದ ಅಜ್ಜಿಗೂ 45ರ ಮಗನಿಗೂ ಒಂದೇ ಅಳತೆ ಇಡುವುದು ತಪ್ಪು. ನಿಮ್ಮ ಗುರಿ ಎಷ್ಟು ಎಂದು ಡಾಕ್ಟರ್ ಹತ್ತಿರ ಕೇಳಿ, ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ಇನ್ನೊಂದು ಮಾತು, ಇದು ನಮ್ಮ ಊರಿಗೇ ಹೆಚ್ಚು ಬೇಕಾದದ್ದು. ಗಲ್ಫ್‌ನಿಂದಲೋ ಬೇರೆ ಹೊರದೇಶದಿಂದಲೋ ಮಗ ತಂದುಕೊಟ್ಟ ಮೀಟರ್‌ನಲ್ಲಿ 7.2 ಎಂದು ಬಂದರೆ ಗಾಬರಿ ಬೇಡ. ಅದು ಮಿಲಿಮೋಲ್ ಲೆಕ್ಕ. 18ರಿಂದ ಗುಣಿಸಿ, ಸುಮಾರು 130 ಆಗುತ್ತದೆ. ನಮ್ಮ ಲ್ಯಾಬ್‌ಗಳು ಕೊಡುವುದು, ಇಲ್ಲಿ ಬರೆದಿರುವುದು ಎಲ್ಲ ಮಿಲಿಗ್ರಾಂ (mg/dL) ಲೆಕ್ಕ. ಹೀಗೆ ಹೊರಗಿನಿಂದ ಬಂದ ಮೀಟರ್‌ಗೆ ಇಲ್ಲಿನ ಮೆಡಿಕಲ್‌ನಲ್ಲಿ ಸ್ಟ್ರಿಪ್ ಸಿಗುತ್ತದೋ ಇಲ್ಲವೋ ಎಂದೂ ಮೊದಲೇ ವಿಚಾರಿಸಿ. ಮೀಟರ್ ಒಮ್ಮೆ ಕೊಂಡರೆ ಮುಗಿಯಿತು, ದುಡ್ಡು ಹೋಗುತ್ತಾ ಇರುವುದು ಸ್ಟ್ರಿಪ್‌ಗೆ.

ಚುಚ್ಚುವ ಮೊದಲು ಕೈ ತೊಳೆಯಿರಿ

ಇದನ್ನು ಎಲ್ಲರೂ ಹೇಳುತ್ತಾರೆ, ಮಾಡುವವರು ಕಡಿಮೆ. ಹಲಸಿನ ಹಣ್ಣು ಬಿಡಿಸಿದ ಬೆರಳು, ಮಾವಿನ ಹಣ್ಣು ಕೊಯ್ದ ಬೆರಳು ಹಾಗೆಯೇ ಚುಚ್ಚಿದರೆ ಮೀಟರ್ ಅಳೆಯುವುದು ರಕ್ತದ ಜೊತೆ ಹಣ್ಣಿನ ಸಕ್ಕರೆಯನ್ನೂ. ಸಂಖ್ಯೆ ಸುಮ್ನೆ ಮೇಲೆ ಹೋಗುತ್ತದೆ. ಸ್ಯಾನಿಟೈಸರ್ ಉಜ್ಜಿದರೆ ಆ ಅಂಟು ಹೋಗುವುದಿಲ್ಲ. ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿ. ಒದ್ದೆ ಬೆರಳಾದರೆ ನೀರು ಬೆರೆತು ಸಂಖ್ಯೆ ಕಡಿಮೆ ತೋರಿಸುತ್ತದೆ.

ಬೆರಳ ತುದಿಯ ನಡುವಿಗೆ ಚುಚ್ಚಬೇಡಿ, ನೋವು ಜಾಸ್ತಿ. ಉಗುರಿನ ಪಕ್ಕದ ಅಂಚಿಗೆ ಚುಚ್ಚಿ. ಪ್ರತಿ ಸಲ ಬೆರಳು ಬದಲಿಸಿ. ರಕ್ತ ಬಾರದಿದ್ದರೆ ಕೈಯನ್ನು ಕೆಳಗೆ ಇಳಿಬಿಟ್ಟು ಸ್ವಲ್ಪ ಹೊತ್ತು ಅಲ್ಲಾಡಿಸಿ, ಬುಡದಿಂದ ತುದಿಗೆ ಮೆಲ್ಲ ಒತ್ತಿ. ಗಟ್ಟಿಯಾಗಿ ಹಿಂಡಿದರೆ ಒಳಗಿನ ನೀರಿನಂಶವೂ ಬೆರೆತು ಲೆಕ್ಕ ತಪ್ಪಬಹುದು. ಸಾಸಿವೆ ಕಾಳಿನಷ್ಟು ಹನಿ ಬಂದರೆ ಸಾಕು. ಸ್ಟ್ರಿಪ್‌ನ ಅಂಚನ್ನು ಅದಕ್ಕೆ ತಾಗಿಸಿ, ಅದೇ ಎಳೆದುಕೊಳ್ಳುತ್ತದೆ. ಮೇಲಿನಿಂದ ಹನಿ ಬೀಳಿಸುವುದು, ಸಾಲದಾಯಿತೆಂದು ಎರಡನೇ ಹನಿ ಸೇರಿಸುವುದು ಬೇಡ.

ಸ್ಟ್ರಿಪ್‌ಗೆ ನಮ್ಮ ಮಳೆಗಾಲ ಆಗಿಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಪ್ಪಳವೇ ಮೆತ್ತಗಾಗುವ ಗಾಳಿಯಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಸ್ಟ್ರಿಪ್‌ನಲ್ಲಿರುವ ರಾಸಾಯನಿಕ ಕೆಟ್ಟುಹೋಗುತ್ತದೆ. ಒಂದು ತೆಗೆದ ಕೂಡಲೇ ಮುಚ್ಚಳ ಟಕ್ಕೆಂದು ಒತ್ತಿ. ಅದರದ್ದೇ ಡಬ್ಬಿ ಬಿಟ್ಟು ಬೇರೆ ಡಬ್ಬಿಗೆ ಹಾಕಬೇಡಿ, ಫ್ರಿಜ್‌ನಲ್ಲಿ ಇಡಬೇಡಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಂತೂ ಬೇಡವೇ ಬೇಡ. ತೆರೆದ ತಾರೀಕನ್ನು ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆಯಿರಿ. ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದು ಎಂದು ಅದರ ಜೊತೆ ಬರುವ ಚೀಟಿಯಲ್ಲಿ ಇರುತ್ತದೆ.

ಜೋಡಿಯಾಗಿ ನೋಡಿ

ಮುಖ್ಯ ಕೆಲಸ ಇದೇ. ಒಂದು ಊಟ ಆರಿಸಿಕೊಳ್ಳಿ. ಆ ಊಟಕ್ಕೆ ಕೂರುವ ಮೊದಲು ಒಮ್ಮೆ, ಮೊದಲ ತುತ್ತು ಬಾಯಿಗಿಟ್ಟ ಎರಡು ಗಂಟೆಗೆ ಇನ್ನೊಮ್ಮೆ ನೋಡಿ. ಊಟ ಮುಗಿದಾಗಿನಿಂದ ಅಲ್ಲ, ಶುರುವಾದಾಗಿನಿಂದ ಲೆಕ್ಕ. ಮದುವೆ ಊಟದಲ್ಲಿ ಒಂದು ಗಂಟೆ ಎಲೆಯ ಮುಂದೆ ಕೂರುವ ನಮ್ಮವರಿಗೆ ಇದು ದೊಡ್ಡ ವ್ಯತ್ಯಾಸ ಮಾಡುತ್ತದೆ. ಈ ಎರಡು ಸಂಖ್ಯೆಗಳ ನಡುವಿನ ಏರಿಕೆಯೇ ಆ ಊಟ ನಿಮ್ಮ ಮೈಯಲ್ಲಿ ಏನು ಮಾಡಿತು ಎಂದು ಹೇಳುವುದು.

ಉದಾಹರಣೆಗೆ ಒಂದು ಪುಟ ಹೀಗಿರಬಹುದು. ಬುಧವಾರ ಮಧ್ಯಾಹ್ನ 1.05ಕ್ಕೆ 122. ಊಟಕ್ಕೆ ಕುಚ್ಚಲಕ್ಕಿ ಅನ್ನ ಮೂರು ಸೌಟು, ಬಂಗುಡೆ ಗಸಿ, ಒಂದು ಚಮಚ ತೊಂಡೆಕಾಯಿ ಪಲ್ಯ, ಮಜ್ಜಿಗೆ. 3.05ಕ್ಕೆ 231. ಏರಿದ್ದು 109. ಶುಕ್ರವಾರ ಅನ್ನ ಎರಡು ಸೌಟು, ಪಲ್ಯ ತಟ್ಟೆಯ ಅರ್ಧ, ಗಸಿ ಅಷ್ಟೇ. ಊಟಕ್ಕೆ ಮೊದಲು 126, ಆಮೇಲೆ 184. ಏರಿದ್ದು 58. ಭಾನುವಾರ ಶುಕ್ರವಾರದ್ದೇ ಊಟ, ಆದರೆ ಕೈ ತೊಳೆದು ಮಲಗುವ ಬದಲು ಅಂಗಳದಲ್ಲಿ 15 ನಿಮಿಷ ನಡಿಗೆ. 119ರಿಂದ 163. ಏರಿದ್ದು 44.

ಏರಿಕೆ ಸುಮಾರು 50ರ ಒಳಗಿದ್ದರೆ ಆ ಊಟ, ಆ ಪ್ರಮಾಣ ನಿಮಗೆ ಹೊಂದುತ್ತದೆ ಎಂದಿಟ್ಟುಕೊಳ್ಳಬಹುದು. ಇಲ್ಲಿ ಅನ್ನ ಬಿಡಲಿಲ್ಲ, ಮೀನು ಬಿಡಲಿಲ್ಲ. ಒಂದು ಸೌಟು ಕಮ್ಮಿ, ಪಲ್ಯ ಜಾಸ್ತಿ, ಸ್ವಲ್ಪ ನಡಿಗೆ, ಅಷ್ಟೇ. "ಅನ್ನ ಕಮ್ಮಿ ಮಾಡಿ" ಎಂದು ಡಾಕ್ಟರ್ ಹತ್ತು ವರ್ಷ ಹೇಳಿದರೂ ಕಿವಿಗೆ ಹೋಗದ ಮಾತು ಇಂಥ ಮೂರು ಸಾಲು ನೋಡಿದರೆ ಹೋಗುತ್ತದೆ.

ಹೀಗೆ ಒಂದು ವಾರ ಮಧ್ಯಾಹ್ನದ ಊಟ, ಮುಂದಿನ ವಾರ ಬೆಳಗಿನ ತಿಂಡಿ, ಅದರಾಚೆ ರಾತ್ರಿಯದ್ದು ನೋಡಿ. ತಿಂಡಿಯ ವಾರ ಮಜಾ ಇರುತ್ತದೆ. ನೀರುದೋಸೆ ಎಷ್ಟು ತೆಳ್ಳಗೆ, ಹಗುರ ಅಲ್ವಾ? ಆದರೆ ಅದು ಬೆಳ್ತಿಗೆ, ಅಂದರೆ ಕುದಿಸದ ಬಿಳಿ ಅಕ್ಕಿಯ ಹಿಟ್ಟು. ಹಗುರವೆಂದು ಆರು ತಿಂದರೆ ಮೀಟರ್ ಹೇಳುವ ಕಥೆ ಬೇರೆ. ಸಜ್ಜಿಗೆ ಬಜಿಲ್, ಪುಂಡಿ, ಕಡುಬು, ಹೆಸರುಕಾಳು ಹಾಕಿದ ದೋಸೆ, ಒಂದೊಂದನ್ನೂ ಪರೀಕ್ಷೆ ಮಾಡಿ. ಬನ್ಸ್‌ಗೆ ಮಾತ್ರ ಸ್ಟ್ರಿಪ್ ದಂಡ ಮಾಡಬೇಡಿ. ಮೈದಾ, ಬಾಳೆಹಣ್ಣು, ಸಕ್ಕರೆ ಮೂರೂ ಸೇರಿದ ಮೇಲೆ ಉತ್ತರ ಗೊತ್ತಿದ್ದದ್ದೇ.

ಕುಚ್ಚಲಕ್ಕಿ ಬೆಳ್ತಿಗೆಗಿಂತ ಸಾಮಾನ್ಯವಾಗಿ ನಿಧಾನವಾಗಿ ಶುಗರ್ ಏರಿಸುತ್ತದೆ, ನಿಜ. ಹಾಗೆಂದು ಎಷ್ಟೂ ಉಣ್ಣಬಹುದು ಎಂದಲ್ಲ. ಬರೀ ಉಪ್ಪಿನಕಾಯಿ ಜೊತೆ ದೊಡ್ಡ ಬಟ್ಟಲು ಗಂಜಿ ಕುಡಿದರೆ ಹೊಟ್ಟೆಗೆ ಹೋದದ್ದು ಹೆಚ್ಚೂಕಡಿಮೆ ಪಿಷ್ಟವೇ. ಜೊತೆಗೆ ಹುರುಳಿ ಚಟ್ನಿ, ಮೀನು ಅಥವಾ ಪಲ್ಯ ಇದ್ದರೆ ಲೆಕ್ಕ ಬದಲಾಗುತ್ತದೆ. ಬೆಲ್ಲದ ಪಾಯಸ ಪರವಾಗಿಲ್ಲ, ಸಕ್ಕರೆಯದ್ದು ಮಾತ್ರ ಬೇಡ ಎನ್ನುವವರು ಇನ್ನೂ ಇದ್ದಾರೆ. ಎರಡಕ್ಕೂ ಜೋಡಿ ಪರೀಕ್ಷೆ ಮಾಡಿಸಿ, ವಾದ ಅಲ್ಲೇ ಮುಗಿಯುತ್ತದೆ.

ಪುಸ್ತಕದಲ್ಲಿ ಏನು ಬರೆಯಬೇಕು?

200 ಪುಟದ ಮಾಮೂಲಿ ನೋಟ್‌ಬುಕ್ ಸಾಕು. ತಾರೀಕು, ಗಂಟೆ, ಸಂಖ್ಯೆ, ತಿಂದದ್ದು, ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡ ಹೊತ್ತು. ಕೊನೆಯಲ್ಲಿ ಸ್ವಲ್ಪ ಜಾಗ ಬಿಡಿ. "ಜ್ವರ", "ನಿದ್ರೆ ಇಲ್ಲ", "ರಾತ್ರಿ ಯಕ್ಷಗಾನ", "ನೇಮದ ಊಟ 11 ಗಂಟೆಗೆ" ಎಂಬಂಥ ಟಿಪ್ಪಣಿ ಅಲ್ಲಿಗೆ. ಸಂಖ್ಯೆ ಯಾಕೆ ಏರಿತು ಎಂಬ ಉತ್ತರ ಹೆಚ್ಚಾಗಿ ಆ ಜಾಗದಲ್ಲೇ ಸಿಗುವುದು. ಜ್ವರ, ನಿದ್ರೆಗೇಡು, ಚಿಂತೆ ಎಲ್ಲವೂ ಶುಗರ್ ಏರಿಸುತ್ತವೆ. ಮಂಡಿನೋವಿಗೋ ದಮ್ಮಿಗೋ ಕೊಡುವ ಸ್ಟೀರಾಯ್ಡ್ ಔಷಧಿಯಂತೂ ಚೆನ್ನಾಗಿಯೇ ಏರಿಸುತ್ತದೆ. ಮೀಟರ್ ಸಂಖ್ಯೆಯನ್ನು ನೆನಪಿಡಬಹುದು, ಈ ಕಾರಣಗಳನ್ನು ನೆನಪಿಡುವುದಿಲ್ಲ.

ಕೆಟ್ಟ ಸಂಖ್ಯೆ ಬಂದ ದಿನವೂ ಬರೆಯಿರಿ. ಡಾಕ್ಟರ್‌ಗೆ ತೋರಿಸಲೆಂದು ಚಂದದ ಸಂಖ್ಯೆ ಮಾತ್ರ ಬರೆಯುವವರು, ಲ್ಯಾಬ್‌ಗೆ ಹೋಗುವ ಮೊದಲಿನ ಮೂರು ದಿನ ಮಾತ್ರ ಪಥ್ಯ ಮಾಡುವವರು ನಮ್ಮಲ್ಲಿ ಬೇಕಾದಷ್ಟು ಜನ. ಎಚ್‌ಬಿಎ1ಸಿ, ಅಂದರೆ ಎಲ್ಲರೂ "ಮೂರು ತಿಂಗಳ ಶುಗರ್" ಎನ್ನುವ ಪರೀಕ್ಷೆಯ ಮುಂದೆ ಈ ಆಟ ನಡೆಯುವುದಿಲ್ಲ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಅಷ್ಟು ದಿನ ಅದಕ್ಕೆ ಅಂಟಿಕೊಂಡ ಗ್ಲೂಕೋಸ್ ಎಷ್ಟು ಎಂದು ಈ ಪರೀಕ್ಷೆ ನೋಡುತ್ತದೆ. ಶೇ 7 ಬಂದರೆ ಸರಾಸರಿ ಸುಮಾರು 154 ಇತ್ತು, ಶೇ 8 ಬಂದರೆ ಸುಮಾರು 183 ಇತ್ತು ಎಂದರ್ಥ. ನಿಮ್ಮ ಪುಸ್ತಕದಲ್ಲಿ ಖಾಲಿ ಹೊಟ್ಟೆಯ (ಫಾಸ್ಟಿಂಗ್) ಸಂಖ್ಯೆ ಎಲ್ಲ 110, 120 ಇದ್ದು ಮೂರು ತಿಂಗಳದ್ದು 8 ಬಂದರೆ ಊಟದ ನಂತರ ನೋಡದೆ ಬಿಟ್ಟದ್ದೇ ಕಾರಣ ಇರಬಹುದು. ರಕ್ತಹೀನತೆ ಇರುವವರಲ್ಲಿ ಈ ಪರೀಕ್ಷೆ ಸ್ವಲ್ಪ ದಾರಿ ತಪ್ಪಿಸುವುದೂ ಉಂಟು. ಅದನ್ನು ಡಾಕ್ಟರ್‌ಗೆ ಬಿಡಿ.

ಬೆಳಿಗ್ಗೆ ಮಾತ್ರ ಜಾಸ್ತಿ ಬರುತ್ತದೆ, ಯಾಕೆ?

"ರಾತ್ರಿ ಎರಡು ಚಪಾತಿ ಬಿಟ್ಟು ಬೇರೇನೂ ತಿಂದಿಲ್ಲ ಮಾರಾಯ್ರೆ, ಬೆಳಿಗ್ಗೆ 170!" ಈ ದೂರು ಸಾಮಾನ್ಯ. ಬೆಳಗಿನ ಜಾವ ಮೈ ಎಚ್ಚರಕ್ಕೆ ಸಿದ್ಧವಾಗುವಾಗ ಕೆಲವು ಹಾರ್ಮೋನ್‌ಗಳು ಏರುತ್ತವೆ, ಯಕೃತ್ತು (ಲಿವರ್) ತನ್ನಲ್ಲಿ ಕೂಡಿಟ್ಟ ಗ್ಲೂಕೋಸ್ ಹೊರಗೆ ಬಿಡುತ್ತದೆ. ಹಾಗಾಗಿ ತಿನ್ನದೆಯೂ ಏರಬಹುದು. ಮಲಗುವಾಗ ಒಮ್ಮೆ, ಎದ್ದ ಕೂಡಲೇ ಒಮ್ಮೆ ನೋಡಿ. ಮಲಗುವಾಗಲೇ 190 ಇದ್ದರೆ ತಪ್ಪು ರಾತ್ರಿಯ ಊಟದ್ದು. ಮಲಗುವಾಗ 130 ಇದ್ದು ಬೆಳಿಗ್ಗೆ 170 ಆದರೆ ಅದನ್ನು ಡಾಕ್ಟರ್‌ಗೆ ತೋರಿಸಿ, ಮಾತ್ರೆಯ ಹೊತ್ತು ಅಥವಾ ಪ್ರಮಾಣ ಬದಲಿಸಬೇಕಾದೀತು. ನೀವಾಗಿಯೇ ಊಟ ಬಿಡುವುದು, ಮಾತ್ರೆ ಹೆಚ್ಚಿಸುವುದು ಬೇಡ.

ಶುಗರ್ ಡೌನ್ ಆದರೆ

ಕೈ ನಡುಗುವುದು, ಬೆವರು, ಎದೆ ಹೊಡೆದುಕೊಳ್ಳುವುದು, ಇದ್ದಕ್ಕಿದ್ದಂತೆ ಸಿಟ್ಟು, ಮಾತು ತಡವರಿಸುವುದು. ಮೀಟರ್ ಕೈಗೆ ಸಿಕ್ಕಿದರೆ ನೋಡಿ, ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ. ಮೂರು ಟೀ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ನೋಡಿ. ಇನ್ನೂ 70ರ ಕೆಳಗಿದ್ದರೆ ಮತ್ತೊಮ್ಮೆ ಅಷ್ಟೇ. ಚಾಕಲೇಟ್ ಬೇಡ, ಅದರ ಕೊಬ್ಬಿನಿಂದಾಗಿ ಸಕ್ಕರೆ ನಿಧಾನವಾಗಿ ಏರುತ್ತದೆ. ವೊಗ್ಲಿಬೋಸ್ ಸೇರಿದ ಮಾತ್ರೆ ತೆಗೆದುಕೊಳ್ಳುವವರಿಗೆ ಮಾಮೂಲಿ ಸಕ್ಕರೆಯೂ ಬೇಗ ಕೆಲಸ ಮಾಡುವುದಿಲ್ಲ, ಅವರು ಗ್ಲೂಕೋಸ್ ಪುಡಿಯನ್ನೇ ಇಟ್ಟುಕೊಳ್ಳಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ತೆಗೆದುಕೊಳ್ಳುವವರಿಗೆ ಈ ಅಪಾಯ ಹೆಚ್ಚು. ಬರೀ ಮೆಟ್‌ಫಾರ್ಮಿನ್‌ನಲ್ಲಿ ಕಡಿಮೆ. ಏಕಾದಶಿ ಮಾಡುವವರು, ರಂಜಾನ್ ಉಪವಾಸ ಹಿಡಿಯುವವರು ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ, ಉಪವಾಸದ ದಿನ ಎರಡು ಮೂರು ಸಲ ಜಾಸ್ತಿ ನೋಡಬೇಕು. 70ರ ಕೆಳಗೆ ಅಥವಾ 300ರ ಮೇಲೆ ಹೋದರೆ ಉಪವಾಸ ಅಲ್ಲಿಗೇ ಬಿಡಬೇಕು. ಏಕಾದಶಿಯ ಅವಲಕ್ಕಿ, ಬಾಳೆಹಣ್ಣಿಗೆ ಶುಗರ್ ಏರುವುದೂ ಉಂಟು, ಅದನ್ನೂ ಬರೆದಿಡಿ. 300 ದಾಟಿ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ಮನೆಮದ್ದಿಗೆ ಕಾಯಬಾರದು.

ಮೀಟರ್ ಸರಿ ಉಂಟಾ?

ಲ್ಯಾಬ್‌ನಲ್ಲಿ ಫಾಸ್ಟಿಂಗ್ ರಕ್ತ ಕೊಟ್ಟ ಐದು ನಿಮಿಷದೊಳಗೆ ನಿಮ್ಮ ಮೀಟರ್‌ನಲ್ಲೂ ನೋಡಿ. ಲ್ಯಾಬ್ 140 ಹೇಳಿ ಮೀಟರ್ 119ರಿಂದ 161ರೊಳಗೆ ಹೇಳಿದರೆ ಸರಿಯೇ. ಮೀಟರ್‌ಗೆ ಇರುವ ಅಂತರರಾಷ್ಟ್ರೀಯ ಮಾನದಂಡವೇ ಶೇ 15ರ ಆಚೀಚೆಗೆ ಜಾಗ ಕೊಟ್ಟಿದೆ. ಊಟದ ನಂತರ ಹೋಲಿಸಬೇಡಿ, ಆಗ ಬೆರಳ ರಕ್ತದಲ್ಲಿ ಸಹಜವಾಗಿಯೇ ಜಾಸ್ತಿ ಇರುತ್ತದೆ. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಜಿಲ್ಲಾ ಆಸ್ಪತ್ರೆ ಅಥವಾ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಪಾಸಣೆಗೆ ಹೋಗುವ ದಿನ ಮೀಟರ್ ಚೀಲಕ್ಕೆ ಹಾಕಿಕೊಂಡು ಹೋದರೆ ಇದು ಆಗಿಬಿಡುತ್ತದೆ.

ತೋಳಿಗೆ ಅಂಟಿಸುವ ಸೆನ್ಸರ್ ಈಗ ಇಲ್ಲೂ ಸಿಗುತ್ತದೆ. ಒಂದು ಹೆಚ್ಚಾಗಿ ಎರಡು ವಾರ ಬರುತ್ತದೆ, ದಿನವಿಡೀ ಏರಿಳಿತ ಫೋನ್‌ನಲ್ಲಿ ಕಾಣುತ್ತದೆ. ದುಬಾರಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಪದೇ ಪದೇ ಡೌನ್ ಆಗುವವರಿಗೆ ಒಳ್ಳೆಯದು. ಉಳಿದವರಿಗೆ ವರ್ಷಕ್ಕೆ ಒಮ್ಮೆ ಹಾಕಿ ನೋಡಿದರೆ ಸಾಕು ಎಂದು ನನಗನಿಸುತ್ತದೆ.

ಚುಚ್ಚುವ ಸೂಜಿ ಒಬ್ಬರದ್ದು ಇನ್ನೊಬ್ಬರು ಬಳಸಬಾರದು, ಗಂಡ ಹೆಂಡತಿ ಆದರೂ. ಹೆಪಟೈಟಿಸ್ ಬಿ ಹರಡಲು ಅಷ್ಟು ರಕ್ತವೇ ಸಾಕು. ಬಳಸಿದ ಸೂಜಿಯನ್ನು ಹಸಿ ಕಸಕ್ಕೂ ಒಣ ಕಸಕ್ಕೂ ಹಾಕಬೇಡಿ. ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿ, ಮುಚ್ಚಳ ಬಿಗಿದು, "ಸೂಜಿ" ಎಂದು ಬರೆದು, ಕಸದ ಗಾಡಿಯವರಿಗೆ ಹೇಳಿಯೇ ಬೇರೆಯಾಗಿ ಕೊಡಿ.