ಕಣ್ಣು ಎಲ್ಲಿ ಎಡವಿತು, ಅಷ್ಟು ಹೇಳಿ

ನಮ್ಮ ಗುಂಪಿನಲ್ಲಿ ತಿಂಗಳಿಗೊಂದು ಫೋಟೊ ಎಡಿಟಿಂಗ್ ಚಾಲೆಂಜ್ ನಡೆಯುತ್ತದೆ. ಎಲ್ಲರಿಗೂ ಒಂದೇ ಫೋಟೊ, ಒಂದೇ ವಿಷಯ. ಫೋಟೊಶಾಪ್ ಇರುವವರು ಅದರಲ್ಲಿ ಮಾಡುತ್ತಾರೆ. ಉಳಿದವರು ಫೋಟೊಪಿಯಾ, ಗಿಂಪ್, ಸ್ನ್ಯಾಪ್‌ಸೀಡ್, ಹೀಗೆ ಕೈಗೆ ಸಿಕ್ಕಿದ್ದರಲ್ಲಿ. ಕಾಲೇಜು ಹುಡುಗರಿದ್ದಾರೆ, ಬ್ಯಾಂಕಿನಲ್ಲಿ ಕೆಲಸ ಮಾಡುವವರಿದ್ದಾರೆ, ರಿಟೈರ್ ಆದ ಮೇಷ್ಟ್ರೊಬ್ಬರಿದ್ದಾರೆ. ಬಂದ ಎಂಟ್ರಿಗಳಿಗೆ ಫೀಡ್‌ಬ್ಯಾಕ್ ಬರೆಯುವ ಕೆಲಸ ನನ್ನದು. ಹೊಟ್ಟೆಪಾಡಿಗೆ ನಾನು ಮಾಡುವುದು ಮದುವೆ ಆಲ್ಬಂ ಡಿಸೈನು ಮತ್ತು ರಿಟಚಿಂಗು. ದಿನವಿಡೀ ಬೇರೆಯವರ ಫೋಟೊ ತಿದ್ದುವವಳು ಅಂತ ಈ ಕೆಲಸ ನನ್ನ ತಲೆಗೆ ಕಟ್ಟಿದರು.

ನಾನು ಬರುವ ಮೊದಲು ಅಲ್ಲಿ ಎರಡೇ ಥರದ ಮಾತು ನಡೆಯುತ್ತಿತ್ತು. ಒಂದು, ‘ಸೂಪರ್’, ‘ಬೆಂಕಿ’, ಮೂರು ಚಪ್ಪಾಳೆ. ಇನ್ನೊಂದು, ‘ಬ್ಲೆಂಡಿಂಗ್ ಸರಿಯಿಲ್ಲ’, ‘ಲೈಟಿಂಗ್ ನೋಡ್ಕೊಳ್ಳಿ’. ಮೊದಲನೆಯದರಿಂದ ಖುಷಿಯಾಗುತ್ತದೆ, ಆದರೆ ಏನೂ ಗೊತ್ತಾಗುವುದಿಲ್ಲ. ಎರಡನೆಯದರಿಂದ ಬೇಜಾರಾಗುತ್ತದೆ, ಆಗಲೂ ಏನೂ ಗೊತ್ತಾಗುವುದಿಲ್ಲ. ಲೈಟಿಂಗ್ ನೋಡ್ಕೊಳ್ಳಿ ಅಂದರೆ ಎಲ್ಲಿ ನೋಡಬೇಕು? ಗೊತ್ತಿದ್ದರೆ ಅವರೇ ನೋಡುತ್ತಿದ್ದರಲ್ವಾ.

ಹಾಗಾಗಿ ನಾನು ಬೇರೆ ರೀತಿ ಬರೆಯತೊಡಗಿದೆ. ಚಿತ್ರ ನೋಡುವಾಗ ನನ್ನ ಕಣ್ಣು ಎಲ್ಲಿಂದ ಶುರುವಾಯಿತು, ಎಲ್ಲಿಗೆ ಹೋಯಿತು, ಎಲ್ಲಿ ಎಡವಿತು, ಅಷ್ಟನ್ನು ಮೊದಲು ಹೇಳುತ್ತೇನೆ. ಆಮೇಲೆ ಯಾಕೆ ಎಡವಿತು ಅಂತ ನನಗೆ ತೋಚಿದ ಕಾರಣ. ಕೊನೆಗೆ ಅವರ ಹತ್ತಿರ ಇರುವ ಆ್ಯಪ್‌ನಲ್ಲೇ ಮಾಡಬಹುದಾದ ಒಂದು ತಿದ್ದುಪಡಿ. ಒಂದೇ ಒಂದು. ಹತ್ತು ತಪ್ಪು ಕಂಡರೂ ಹತ್ತನ್ನೂ ಬರೆಯುವುದಿಲ್ಲ. ಹತ್ತು ಬರೆದವರಿಗೆ ಹೊರೆ ಇಳಿದ ಹಾಗಾಗುತ್ತದೆ, ಓದಿದವರು ಮುಂದಿನ ತಿಂಗಳು ಬರುವುದೇ ಇಲ್ಲ.

ಹಂಪಿಯ ಫೋಟೊ ಕೊಟ್ಟಿದ್ದ ತಿಂಗಳಿನ ಉದಾಹರಣೆ ಹೇಳುತ್ತೇನೆ. ತುಂಗಭದ್ರೆಯಲ್ಲಿ ಒಂದು ಹರಿಗೋಲು, ಅದರಲ್ಲಿ ಹುಟ್ಟು ಹಾಕುವವನು, ಹಿಂದೆ ದುಂಡು ಬಂಡೆಗಳ ಗುಡ್ಡ. ಮಧ್ಯಾಹ್ನ ಮೂರು ಗಂಟೆಯ ಬಿಸಿಲಲ್ಲಿ ತೆಗೆದದ್ದು. ಬೆಳಕು ಎಡಗಡೆಯಿಂದ, ಸ್ವಲ್ಪ ಮುಂದಿನಿಂದ ಬೀಳುತ್ತಿತ್ತು. ವಿಷಯ: ‘ಇದನ್ನು ಬೆಳದಿಂಗಳ ರಾತ್ರಿ ಮಾಡಿ’.

ಹೆಚ್ಚುಕಡಿಮೆ ಎಲ್ಲರೂ ಮಾಡಿದ್ದು ಒಂದೇ. ಎಕ್ಸ್‌ಪೋಶರ್ ಇಳಿಸಿದರು, ನೀಲಿ ಬಳಿದರು, ಗುಡ್ಡದ ಹಿಂದೆ ತಟ್ಟೆಯಗಲದ ಚಂದ್ರ ಅಂಟಿಸಿದರು. ಒಂದು ಎಂಟ್ರಿಯಲ್ಲಿ ಚಂದ್ರನನ್ನು ಬಹಳ ಚೆನ್ನಾಗಿ ಕೂರಿಸಿದ್ದರು. ಸುತ್ತಲೂ ತೆಳುವಾದ ಪ್ರಭೆ, ಅಂಚಿನಲ್ಲಿ ಮೋಡ. ಆದರೂ ಏನೋ ಸರಿಯಿಲ್ಲ ಅನಿಸುತ್ತಿತ್ತು. ನಾನು ಬರೆದದ್ದು ಇಷ್ಟು: ‘ಮೊದಲು ಚಂದ್ರನನ್ನು ನೋಡಿದೆ. ಅಲ್ಲಿಂದ ಹರಿಗೋಲಿಗೆ ಬಂದೆ. ಅಲ್ಲಿ ನಿಂತುಬಿಟ್ಟೆ. ಚಂದ್ರ ಅವನ ಬೆನ್ನ ಹಿಂದೆ ಇದ್ದಾನೆ, ಮುಖದ ಮೇಲೆ ಬೆಳಕು ಎಲ್ಲಿಂದ ಬಿತ್ತು?’

ಇಷ್ಟು ಸಾಕಾಯಿತು. ಆ ಹುಡುಗ ಅರ್ಧ ಗಂಟೆಯಲ್ಲಿ ಫೋನ್ ಮಾಡಿದ. ‘ಅಕ್ಕಾ, ಹಾಗಾದ್ರೆ ಚಂದ್ರನ್ನ ತೆಗೆದೇ ಬಿಡ್ಲಾ?’ ಅಂದ. ತೆಗೆಯಬಹುದು. ಚಂದ್ರ ಚಿತ್ರದ ಒಳಗೇ ಇರಬೇಕು ಅಂತೇನಿಲ್ಲ, ಎಡಗಡೆ ಚೌಕಟ್ಟಿನ ಹೊರಗೆ ಇದ್ದಾನೆ ಅಂದುಕೊಂಡರೆ ಇರುವ ಬೆಳಕೇ ಹೊಂದುತ್ತದೆ. ಇಲ್ಲವೇ ಚಂದ್ರನನ್ನು ಇಟ್ಟುಕೊಂಡು ಮುಖವನ್ನು ಪೂರ್ತಿ ಕತ್ತಲು ಮಾಡಿ, ತಲೆ ಮತ್ತು ಭುಜದ ಅಂಚಿಗೆ ಮಾತ್ರ ತೆಳು ಬೆಳಕು ಕೊಡಬಹುದು. ಮೂರನೆಯದು, ಹರಿಗೋಲಿನಲ್ಲಿ ಒಂದು ಲಾಟೀನು ಇಡುವುದು. ಆದರೆ ಲಾಟೀನು ಬೆಳಗುವುದು ಕೆಳಗಿನಿಂದ, ಅದೂ ಹಳದಿಯಾಗಿ. ಮುಖದ ಮೇಲಿನ ಬಿಸಿಲನ್ನು ಹಾಗೇ ಬಿಟ್ಟರೆ ಅಲ್ಲೂ ಕಣ್ಣು ಎಡವುತ್ತದೆ. ಯಾವುದು ಮಾಡಬೇಕು ಅಂತ ನಾನು ಹೇಳಲಿಲ್ಲ. ಅವನು ಎರಡನೆಯದನ್ನು ಮಾಡಿದ, ಅದೇ ಕಷ್ಟದ್ದು.

ಚಂದ್ರನ ವಿಷಯ ಬಂತಲ್ಲ, ಇನ್ನೂ ಸ್ವಲ್ಪ ಹೇಳಬೇಕು. ಎಡಿಟಿಂಗ್ ಮಾಡುವವರು ಅವನಿಗೆ ಕೊಡುವಷ್ಟು ಕಾಟ ಗ್ರಹಣವೂ ಕೊಡುವುದಿಲ್ಲ. ಆಕಾಶದಲ್ಲಿ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ ಅಷ್ಟೆ. ಫೋನಿನ ಮಾಮೂಲಿ ಕ್ಯಾಮೆರಾದಲ್ಲಿ ಅಡ್ಡವಾಗಿ ತೆಗೆದರೆ ಫೋಟೊದ ಅಗಲದ 150ರಲ್ಲಿ ಒಂದು ಪಾಲು ಬರುತ್ತಾನೆ, ಒಂದು ಚುಕ್ಕಿ. ದೂರದ್ದನ್ನು ಹತ್ತಿರ ತೋರಿಸುವ 400 ಎಂಎಂ ಲೆನ್ಸ್ ಹಾಕಿದರೆ ಹತ್ತರಲ್ಲಿ ಒಂದು ಪಾಲು. ಆದರೆ ಆ ಲೆನ್ಸಿನಲ್ಲಿ ಗುಡ್ಡ ಮತ್ತು ಹರಿಗೋಲು ಎರಡೂ ಒಳಗೆ ಬರಬೇಕಾದರೆ ಬಹಳ ದೂರ ಹೋಗಿ ನಿಲ್ಲಬೇಕು. ಅಷ್ಟು ದೂರದಿಂದ ತೆಗೆದರೆ ಎರಡೂ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತವೆ. ದೊಡ್ಡ ಚಂದ್ರ ತಪ್ಪು ಅಂತಲ್ಲ. ಹತ್ತಿರದಿಂದ ತೆಗೆದ ಫೋಟೊದಲ್ಲಿ ದೂರದಿಂದ ತೆಗೆದ ಚಂದ್ರ ಇದ್ದರೆ ಕಣ್ಣಿಗೆ ಅನುಮಾನ ಬರುತ್ತದೆ. ಇನ್ನು ಬಿದಿಗೆ ಚಂದ್ರನ ಕತ್ತಲ ಭಾಗದೊಳಗೆ ನಕ್ಷತ್ರ ಮಿನುಗಿಸುವವರೂ ಇದ್ದಾರೆ. ಅಲ್ಲಿ ಇರುವುದು ಖಾಲಿ ಜಾಗವಲ್ಲ, ಚಂದ್ರನೇ. ಇದನ್ನು ಮಾತ್ರ ನಗುತ್ತಲೇ ಹೇಳುತ್ತೇನೆ, ಎಲ್ಲರೂ ನಗುತ್ತಾರೆ.

ನೀರು ಇನ್ನೊಂದು. ಆಕಾಶ ಬದಲಿಸುವುದು ಈಗ ಒಂದು ಒತ್ತಿನ ಕೆಲಸ. ಆದರೆ ನದಿ ಇನ್ನೂ ಹಳೆಯ ಆಕಾಶವನ್ನೇ ತೋರಿಸುತ್ತಿರುತ್ತದೆ. ಮೇಲೆ ಕೆಂಪು ಸಂಜೆ, ಕೆಳಗೆ ಬೆಳ್ಳಗಿನ ಮಧ್ಯಾಹ್ನ. ಪ್ರತಿಬಿಂಬವನ್ನು ಕಾಪಿ ಮಾಡಿ ತಲೆಕೆಳಗೆ ಅಂಟಿಸಿದರೂ ಸರಿಹೋಗುವುದಿಲ್ಲ. ನೀರು ಆ ವಸ್ತುವನ್ನು ಕೆಳಗಿನಿಂದ ನೋಡುತ್ತದೆ. ಹರಿಗೋಲಿನ ಒಳಗಿನ ಹಲಗೆ ನಮಗೆ ಕಾಣಬಹುದು, ಪ್ರತಿಬಿಂಬದಲ್ಲಿ ಕಾಣಬಾರದು. ಅಲ್ಲಿ ಕಾಣಬೇಕಾದ್ದು ಹೊರಗಿನ ತಳದ ಅಂಚು.

ಬರೆಯುವ ಮೊದಲು ನಾನು ಹೇಗೆ ನೋಡುತ್ತೇನೆ ಅಂತ ಕೆಲವರು ಕೇಳುತ್ತಾರೆ. ಮೊದಲು ಚಿತ್ರವನ್ನು ಬೆರಳುಗುರಿನಷ್ಟು ಚಿಕ್ಕದು ಮಾಡಿ ನೋಡುತ್ತೇನೆ. ಏನು ಚಿತ್ರ ಅಂತ ಅಷ್ಟರಲ್ಲೇ ತಿಳಿದರೆ ರಚನೆ ಗಟ್ಟಿ ಇದೆ. ಆಮೇಲೆ ಬಣ್ಣ ತೆಗೆದು ಕಪ್ಪುಬಿಳುಪಿನಲ್ಲಿ ನೋಡುತ್ತೇನೆ. ಅಂಟಿಸಿದ ವಸ್ತುವಿನ ಕಪ್ಪು ಸುತ್ತಲಿನ ಕಪ್ಪಿಗಿಂತ ಜಾಸ್ತಿ ಇದ್ದರೆ ಇಲ್ಲಿ ಕೂಡಲೇ ಗೊತ್ತಾಗುತ್ತದೆ. ದೂರದ ಬೆಟ್ಟಕ್ಕೆ ಗಾಳಿಯ ಮಬ್ಬು ಅಡ್ಡ ಬರುತ್ತದೆ, ಹಾಗಾಗಿ ಅಲ್ಲಿ ಅಪ್ಪಟ ಕಪ್ಪು ಇರುವುದಿಲ್ಲ. ಕೊಡಗಿನ ಮಂಜಿನ ಫೋಟೊದಲ್ಲಿ ಒಬ್ಬರು ದೂರದ ಗುಡ್ಡದ ಮೇಲೆ ಆನೆ ನಿಲ್ಲಿಸಿದ್ದರು. ಹತ್ತಿರದ ಮರಕ್ಕಿಂತ ಆನೆಯೇ ಕಪ್ಪಾಗಿತ್ತು. ಕರ್ವ್ಸ್‌ನಲ್ಲಿ ಗೆರೆಯ ಎಡಗಡೆಯ ತುದಿಯನ್ನು, ಅಂದರೆ ಕಪ್ಪನ್ನು ತಿದ್ದುವ ತುದಿಯನ್ನು, ಸ್ವಲ್ಪ ಮೇಲೆತ್ತಿ ಅಂದೆ, ಆನೆ ದೂರ ಹೋಗಿ ನಿಂತಿತು. ಇದಾದ ಮೇಲೆ ಚಿತ್ರವನ್ನು ಎಡಬಲ ತಿರುಗಿಸಿ ನೋಡುತ್ತೇನೆ, ಆಗ ಕಣ್ಣಿಗೆ ಹೊಸದಾಗುತ್ತದೆ. ಪೂರ್ತಿ ದೊಡ್ಡದು ಮಾಡಿ ಅಂಚು, ಕೂದಲು, ನಾಯ್ಸ್ (ಮರಳಿನಂಥ ಚುಕ್ಕಿಗಳು) ನೋಡುವುದು ಕೊನೆಗೆ. ಬಹಳ ಜನ ಅಲ್ಲಿಂದಲೇ ಶುರು ಮಾಡುತ್ತಾರೆ. ಕೂದಲನ್ನು ಹಿನ್ನೆಲೆಯಿಂದ ಬೇರ್ಪಡಿಸಿದ ಮಾಸ್ಕ್ ಅಚ್ಚುಕಟ್ಟಾಗಿದ್ದೂ ನೆರಳು ತಪ್ಪು ದಿಕ್ಕಿಗೆ ಬಿದ್ದಿದ್ದರೆ ಏನು ಪ್ರಯೋಜನ?

ಚಿತ್ರದ ತಪ್ಪಲ್ಲದ ತಪ್ಪುಗಳೂ ಇರುತ್ತವೆ. ಆಕಾಶದಲ್ಲಿ ಪಟ್ಟಿ ಪಟ್ಟಿ, ಮುಖ ಮಸುಕು ಅಂತ ಕಂಡರೆ ಮೊದಲು ಕೇಳುವುದು, ‘ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ್ರಾ, ಡಾಕ್ಯುಮೆಂಟ್ ಆಗಿ ಕಳಿಸಿದ್ರಾ?’ ಫೋಟೊ ಆಗಿ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ. ಎರಡನೇ ಪ್ರಶ್ನೆ, ‘ರಾತ್ರಿ ಕೂತು ಮಾಡಿದ್ರಾ?’ ಫೋನಿನಲ್ಲಿ ಐ ಕಂಫರ್ಟ್ ಆನ್ ಇದ್ದರೆ ಪರದೆ ಹಳದಿಯಾಗಿರುತ್ತದೆ. ಅದನ್ನು ಸರಿ ಮಾಡಲು ಹೋಗಿ ಚಿತ್ರವನ್ನು ನೀಲಿ ಮಾಡಿರುತ್ತಾರೆ. ಕತ್ತಲ ಕೋಣೆಯಲ್ಲಿ ಬ್ರೈಟ್‌ನೆಸ್ ಪೂರ್ತಿ ಏರಿಸಿಕೊಂಡು ಕೂತವರ ಚಿತ್ರ ಬೆಳಿಗ್ಗೆ ನೋಡಿದರೆ ಮಸಿ ಬಳಿದಂತಿರುತ್ತದೆ. ಇವರಿಗೆ ಬಣ್ಣದ ಪಾಠ ಹೇಳಿ ಏನು ಬಂತು, ಸೆಟ್ಟಿಂಗ್ ಬದಲಿಸಲು ಹೇಳಿದರೆ ಮುಗಿಯಿತು.

ಕಷ್ಟದ ಫೀಡ್‌ಬ್ಯಾಕ್ ಅಂದರೆ ಮುಖದ್ದು. ಮಾರ್ಕೆಟ್ಟಿನಲ್ಲಿ ಹೂವು ಮಾರುವ ಅಜ್ಜಿಯೊಬ್ಬರ ಫೋಟೊ ಕೊಟ್ಟಿದ್ದೆವು, ಅವರನ್ನು ಕೇಳಿಯೇ. ಸುಕ್ಕು, ಬಿಸಿಲಿಗೆ ಕಪ್ಪಾದ ಹಣೆ, ಮೂಗುಬೊಟ್ಟು, ಕೈತುಂಬ ಸೇವಂತಿಗೆ. ಬಂದ ಎಂಟ್ರಿಗಳಲ್ಲಿ ಅರ್ಧಕ್ಕರ್ಧ ಅಜ್ಜಿ ಬೆಳ್ಳಗಾಗಿದ್ದರು. ಸುಕ್ಕೇ ಇಲ್ಲ. ಮುಖ ಬೆಳ್ಳಗೆ, ಕುತ್ತಿಗೆ ಮತ್ತು ಕೈ ಮೊದಲಿನ ಹಾಗೆ. ಇದು ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು. ನಮ್ಮ ಸ್ಟುಡಿಯೊ ಕೆಲಸದಿಂದಲೇ ಬಂತು. ‘ಮೇಡಂ, ಹುಡುಗಿ ಸ್ವಲ್ಪ ಬೆಳ್ಳಗೆ ಕಾಣೋ ಹಾಗೆ ಮಾಡಿ’ ಅಂತ ಕೇಳದ ಮದುವೆ ಮನೆ ಅಪರೂಪ. ಎಡಿಟಿಂಗ್ ಅಂದರೆ ಇದೇ ಅಂತ ಹುಡುಗರ ಬೆರಳಿಗೆ ಅಭ್ಯಾಸವಾಗಿದೆ.

ಇಲ್ಲಿ ನಾನು ಮೆತ್ತಗೆ ಹೇಳಲಿಲ್ಲ. ಬೆಳ್ಳಗೆ ಮಾಡಿದ್ದು ನನಗೆ ಇಷ್ಟವಾಗಲಿಲ್ಲ ಅಂತ ನೇರವಾಗಿ ಬರೆದೆ. ಆದರೆ ಅದನ್ನೂ ಕಣ್ಣಿನ ಲೆಕ್ಕದಲ್ಲೇ ಬರೆದೆ. ‘ಮೂಲ ಫೋಟೊದಲ್ಲಿ ಹಣೆಯ ಸುಕ್ಕಿನಲ್ಲಿ ಬೆಳಕು ಏರಿಳಿಯುತ್ತಿತ್ತು, ಅದರಿಂದ ಮುಖ ದುಂಡಗೆ ಕಾಣುತ್ತಿತ್ತು. ಈಗ ಮುಖ ಚಪ್ಪಟೆಯಾಗಿದೆ. ಕಣ್ಣು ಮುಖ ಬಿಟ್ಟು ಸೇವಂತಿಗೆಗೆ ಹೋಗುತ್ತದೆ, ಹೊಳಪು ಅಲ್ಲಿ ಮಾತ್ರ ಉಳಿದಿದೆ.’ ಜೊತೆಗೆ ಒಂದು ಉಪಾಯ. ನುಣುಪು ಮಾಡಿದ ಲೇಯರಿನ (ಮೂಲದ ಮೇಲೆ ಹೊದಿಸಿದ ಪದರದ) ಒಪಾಸಿಟಿಯನ್ನು, ಅಂದರೆ ಅದು ಎಷ್ಟು ಗಾಢವಾಗಿ ಕಾಣಬೇಕು ಅನ್ನುವುದನ್ನು, ಸೊನ್ನೆಗೆ ಇಳಿಸಿ, ಆಮೇಲೆ ನಿಧಾನಕ್ಕೆ ಏರಿಸುತ್ತಾ ಬನ್ನಿ. ಅಜ್ಜಿ ಅಜ್ಜಿಯಂತೆ ಕಾಣುವುದು ನಿಂತುಹೋದ ಜಾಗದಿಂದ ಹಿಂದಕ್ಕೆ ಬಂದು ನಿಲ್ಲಿಸಿ. ಒಬ್ಬ ಹುಡುಗಿ ಶೇಕಡ 20ಕ್ಕೇ ನಿಲ್ಲಿಸಿದೆ ಅಂದಳು. ಇನ್ನೊಬ್ಬರಿಗೆ ಸಿಟ್ಟು ಬಂತು. ಗಿರಾಕಿ ಕೇಳುವುದೇ ಇದನ್ನಲ್ವಾ ಅಂದರು. ಗಿರಾಕಿ ದುಡ್ಡು ಕೊಡುತ್ತಾನೆ, ನಾನೂ ಮಾಡಿಕೊಡುತ್ತೇನೆ. ಚಾಲೆಂಜಿನಲ್ಲಿ ಗಿರಾಕಿ ಯಾರೂ ಇಲ್ಲವಲ್ಲ.

ಮೇಷ್ಟ್ರ ಎಂಟ್ರಿಗಳಿಂದ ನನ್ನ ಕ್ರಮಕ್ಕೆ ಒಂದು ಪ್ರಶ್ನೆ ಸೇರಿತು. ಅವರ ಚಿತ್ರದಲ್ಲಿ ಯಾವಾಗಲೂ ಎಲ್ಲ ಇರುತ್ತದೆ. ನವಿಲು, ಕಾಮನಬಿಲ್ಲು, ಕೊಳಲು, ಹಿಂದೆ ಎರಡೆರಡು ಸೂರ್ಯ. ನೆರಳಿನ ಲೆಕ್ಕ ಹಿಡಿದು ಕೂತರೆ ಅದರಲ್ಲಿ ಒಂದೂ ನಿಲ್ಲುವುದಿಲ್ಲ. ಆದರೆ ಅವರಿಗೆ ಬೇಕಾದದ್ದು ಗೋಡೆಯ ಕ್ಯಾಲೆಂಡರಿನ ಚಿತ್ರದಂಥದ್ದು. ಅಲ್ಲಿ ಎರಡು ಸೂರ್ಯ ಇದ್ದರೂ ಯಾರೂ ಕೇಳುವುದಿಲ್ಲ. ಹಾಗಾಗಿ ಈಗ ಎಂಟ್ರಿ ಜೊತೆ ಒಂದು ಸಾಲು ಕಡ್ಡಾಯ: ಇದು ನಿಜವಾಗಿ ತೆಗೆದ ಫೋಟೊದಂತೆ ಕಾಣಬೇಕಾ, ಕನಸಿನಂತೆ ಕಾಣಬೇಕಾ, ಪೋಸ್ಟರಿನಂತೆ ಕಾಣಬೇಕಾ? ಆ ಸಾಲು ಓದಿದ ಮೇಲೇ ನಾನು ಚಿತ್ರ ತೆರೆಯುವುದು. ಮೇಷ್ಟ್ರಿಗೆ ಹೇಳಿದ್ದು ನೆರಳಿನ ಮಾತಲ್ಲ. ‘ಸರ್, ಎಲ್ಲ ಬಣ್ಣವೂ ಒಂದೇ ಸಮ ಜೋರಾಗಿದೆ, ನವಿಲು ಕಾಣಿಸ್ತಿಲ್ಲ. ಉಳಿದದ್ದರ ಸ್ಯಾಚುರೇಶನ್ ಇಳಿಸಿ ನೋಡ್ತೀರಾ?’ ಇಳಿಸಿದರು. ಸೂರ್ಯ ಎರಡೂ ಇದ್ದವು.

ಎಡಿಟ್ ಮಾಡುವುದೇ ಮೋಸ ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆ. ಅವರಿಗೆ ನಾನು ಆಸ್ಕರ್ ರೈಲಾಂಡರ್ ಎಂಬ ಹಳೆಯ ಕಾಲದ ಫೋಟೊಗ್ರಾಫರನ ಕಥೆ ಹೇಳುತ್ತೇನೆ. 1857ರಲ್ಲೇ ಆತ 30ಕ್ಕೂ ಹೆಚ್ಚು ನೆಗೆಟಿವ್ ಜೋಡಿಸಿ ಒಂದೇ ಚಿತ್ರ ಮಾಡಿದ್ದ. ಕಂಪ್ಯೂಟರ್ ಬಿಡಿ, ಕರೆಂಟು ಬಲ್ಬೂ ಮನೆಗೆ ಬಂದಿರಲಿಲ್ಲ. ಆಗಲೂ ಜನ ಬೈದರು. ಆದರೆ ವಿಕ್ಟೋರಿಯಾ ರಾಣಿ ಅದರ ಪ್ರತಿ ಕೊಂಡಳು. ಮೋಸ ಆಗುವುದು ಹೇಳದೆ ಇದ್ದಾಗ. ಪಿಎಸ್‌ಎ, ಎಫ್‌ಐಎಪಿ ಎಂಬ ಫೋಟೊಗ್ರಫಿ ಸಂಸ್ಥೆಗಳ ಮಾನ್ಯತೆ ಇರುವ ಸ್ಪರ್ಧೆಗಳಿಗೆ, ಅಂದರೆ ಸಲೂನ್‌ಗಳಿಗೆ ಚಿತ್ರ ಕಳಿಸುವ ಆಸೆ ನಮ್ಮಲ್ಲಿ ಕೆಲವರಿಗಿದೆ. ನೇಚರ್ ವಿಭಾಗಕ್ಕೆ ಏನನ್ನೂ ಸೇರಿಸುವಂತಿಲ್ಲ, ಕ್ರಾಪ್ ಬಿಟ್ಟು ಬೇರೆ ಯಾವ ರೀತಿಯಲ್ಲೂ ದೃಶ್ಯದಲ್ಲಿದ್ದ ಏನನ್ನೂ ತೆಗೆಯುವಂತಿಲ್ಲ ಅಂತ ಅವರಿಗೆ ಮೊದಲೇ ಹೇಳುತ್ತೇನೆ. ಒಂದು ಅಡ್ಡ ಕೊಂಬೆ ಅಳಿಸಿದರೂ ಹೊರಗೆ.

2023ರಿಂದ ಫೋಟೊಶಾಪ್‌ನಲ್ಲೇ ಜನರೇಟಿವ್ ಫಿಲ್ ಬಂದಿದೆ. ಬರೆದದ್ದನ್ನು ಅದೇ ಚಿತ್ರ ಮಾಡಿ ಕೂರಿಸುತ್ತದೆ. ಅದನ್ನು ಬಳಸಬೇಡಿ ಅಂತ ನಾನು ಹೇಳುವುದಿಲ್ಲ. ಎಲ್ಲಿ ಬಳಸಿದ್ದೀರಿ ಅಂತ ತಿಳಿಸಿ, ಲೇಯರ್‌ಗಳ ಒಂದು ಸ್ಕ್ರೀನ್‌ಶಾಟ್ ಕಳಿಸಿ, ಅಷ್ಟೇ ಷರತ್ತು. ಲಾಟೀನನ್ನು ಯಂತ್ರವೇ ಮಾಡಿಕೊಟ್ಟಿದ್ದರೆ ಲಾಟೀನಿನ ಬಗ್ಗೆ ನಾನು ಮಾತಾಡಿ ಏನು ಮಾಡಲಿ? ಅದನ್ನು ಇಟ್ಟ ಜಾಗದ ಬಗ್ಗೆ ಮಾತಾಡುತ್ತೇನೆ, ಜಾಗ ಆರಿಸಿದ್ದು ಮನುಷ್ಯ ತಾನೇ.

‘ಅಕ್ಕಾ, ಫೈಲ್ ಕಳಿಸ್ತೀನಿ, ನೀವೇ ಸರಿ ಮಾಡಿಬಿಡಿ’ ಅನ್ನುವವರಿದ್ದಾರೆ. ಅದಕ್ಕೆ ನಾನು ಒಪ್ಪುವುದಿಲ್ಲ. ನಾನು ಮಾಡಿದರೆ ಅದು ನನ್ನ ಚಿತ್ರ ಆಗುತ್ತದೆ, ಮುಂದಿನ ಸಲವೂ ಫೈಲು ನನಗೇ ಬರುತ್ತದೆ. ಚಿತ್ರದ ಮೇಲೆ ಕೆಂಪಿನಲ್ಲಿ ಎರಡು ಗುರುತು ಹಾಕುತ್ತೇನೆ. ಬೆಳಕು ಬರುವ ದಿಕ್ಕಿಗೆ ಒಂದು ಬಾಣ, ಕಣ್ಣು ಎಡವಿದ ಜಾಗಕ್ಕೆ ಒಂದು ವೃತ್ತ. ಉಳಿದದ್ದು ಅವರ ಕೆಲಸ. ವೋಟಿಂಗ್ ಶುರುವಾಗುವುದಕ್ಕೆ ಮೂರು ದಿನ ಮೊದಲೇ ಎಲ್ಲರಿಗೂ ಇದು ತಲುಪಿರಬೇಕು ಅಂತ ಒಂದು ನಿಯಮ ಮಾಡಿಕೊಂಡಿದ್ದೇವೆ. ತಿದ್ದಿದ ಚಿತ್ರವೇ ವೋಟಿಗೆ ಹೋಗುತ್ತದೆ. ಫಲಿತಾಂಶ ಬಂದ ಮೇಲೆ ತಪ್ಪು ತೋರಿಸಿದರೆ, ಸೋತವನಿಗೆ ಅದು ಸೋಲಿನ ಕಾರಣವಾಗಿ ಮಾತ್ರ ಕೇಳಿಸುತ್ತದೆ. ಗೆದ್ದವನು ಓದುವುದೇ ಇಲ್ಲ.