ತಂಗುವುದು, ನೆಲೆಸುವುದು: ಒಂದು ಇಂಗ್ಲಿಷ್ ಪಾಠದ ಅನುಭವ

ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವವರೆಗೆ ಮುಂಬಯಿಯ ಮಾಟುಂಗಾದ ಹೋಟೆಲು ಹುಡುಗರಿಗೆ ಸ್ವಲ್ಪ ಬಿಡುವು. ಆ ಹೊತ್ತಿನಲ್ಲಿ ನಾಲ್ಕಾರು ಮಂದಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೆಚ್ಚಿನವರು ಉಡುಪಿ, ಕುಂದಾಪುರದ ಕಡೆಯವರು.

ಮೊದಲ ವಾರವೇ ‘ಸ್ಟೇ’ ಕಾಲಿಗೆ ತೊಡರಿತು. ಹನ್ನೊಂದು ವರ್ಷದಿಂದ ಸಾಯನ್‌ನಲ್ಲಿ ಸಂಸಾರ ಹೂಡಿರುವವನು ‘ಐ ಸ್ಟೇ ಇನ್ ಸಾಯನ್’ ಎಂದು ಬರೆದ. ನಮ್ಮಲ್ಲಿ ಎಲ್ಲರೂ ಹೇಳುವುದು ಹಾಗೆಯೇ. ಸ್ಕಾಟ್ಲೆಂಡಿನವರೂ ಹಾಗೆ ಹೇಳುವುದುಂಟು. ಲಂಡನ್ನಿನವರ ಕಿವಿಗೆ ಮಾತ್ರ ಅವನು ನಾಲ್ಕು ದಿನಕ್ಕೆ ಬಂದ ನೆಂಟ. ನಿಘಂಟಿನ ಅರ್ಥ ಹೇಳಿ ಸೋತು, ಕೊನೆಗೆ ಕನ್ನಡವನ್ನೇ ಅಳತೆಗೋಲು ಮಾಡಿಕೊಂಡೆ. ‘ತಂಗು’ ಹೊಂದಿದರೆ ಸ್ಟೇ, ‘ವಾಸಿಸು’ ಹೊಂದಿದರೆ ಲಿವ್, ‘ನೆಲೆಸು’ ಹೊಂದಿದರೆ ಸೆಟಲ್. ಛತ್ರದಲ್ಲಿ ಯಾರಾದರೂ ನೆಲೆಸುತ್ತಾರೆಯೇ ಎಂದು ಕೇಳಿದೊಡನೆ ಎಲ್ಲರಿಗೂ ಹೊಳೆಯಿತು. ‘ರಿಸೈಡ್’ ಅರ್ಜಿಗಳಿಗೆ ಸಾಕು. ಬಾಯಲ್ಲಿ ಬಂದರೆ ಪೊಲೀಸರಿಗೆ ಹೇಳಿಕೆ ಕೊಟ್ಟಂತಿರುತ್ತದೆ. ‘ಡೊಮಿಸೈಲ್’, ಅಂದರೆ ಕಾಯಂ ವಾಸದ ನೆಲೆ, ಪೂರ್ತಿ ಕಾನೂನಿನ ಮಾತು. ಮಹಾರಾಷ್ಟ್ರದಲ್ಲಿ ಡೊಮಿಸೈಲ್ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ 15 ವರ್ಷಗಳ ವಾಸ್ತವ್ಯ ತೋರಿಸಬೇಕು.

ತಂದೆಯನ್ನು ಆಸ್ಪತ್ರೆಗೆ ಸೇರಿಸಿದ್ದ ಒಬ್ಬ, ವೈದ್ಯರು ‘ಸ್ಟೇಬಲ್’ ಎಂದದ್ದನ್ನು ಕೇಳಿ, ವಾಸಿಯಾಯಿತೆಂದು ಊರಿಗೆ ಫೋನ್ ಮಾಡಿಬಿಟ್ಟಿದ್ದ. ಸದ್ಯಕ್ಕೆ ಏರುಪೇರಿಲ್ಲ ಎಂಬುದಷ್ಟೇ ಅದರ ಅರ್ಥ. ತಪ್ಪದೆ ಬರುವ ಸಂಪಾದನೆಗೆ ‘ಸ್ಟೆಡಿ’ ಒಪ್ಪುತ್ತದೆ.

ನನ್ನನ್ನು ನಿಜವಾಗಿ ಸತಾಯಿಸಿದ್ದು ‘ಬಿಲಾಂಗ್’. ಕನ್ನಡದಲ್ಲಿ ‘ಸೇರಿದ್ದು’ ಎಂಬ ಮಾತಿದೆ, ದಿನಬಳಕೆಗೆ ಅದೂ ಬೇಡ. ‘ನನ್ನ’ ಎಂಬುದಕ್ಕೆ ‘ಅದು’ ಸೇರಿದರೆ ನನ್ನದು. ‘ಉಡುಪಿಯ’ ಎಂಬುದಕ್ಕೆ ‘ಅವನು’ ಸೇರಿದರೆ ಉಡುಪಿಯವನು. ಒಡೆತನಕ್ಕೂ ಊರಿಗೂ ಒಂದೇ ಹೊಲಿಗೆ. ‘ಐ ಬಿಲಾಂಗ್ ಟು ಉಡುಪಿ’ ಎಂದು ಇವರು ಬರೆಯಲು ಅದೂ ಒಂದು ಕಾರಣವಿರಬಹುದೆಂದು ನನ್ನ ಗುಮಾನಿ. ಊರು ಹೇಳಲು ‘ಐ ಆಮ್ ಫ್ರಮ್’ ಸಾಕು. ‘ಬಿಲಾಂಗ್ ಟು’ ಒಡೆತನದ ವಸ್ತುವಿಗೆ, ಸದಸ್ಯನಾಗಿರುವ ಸಂಘಕ್ಕೆ. ‘ಐ ಬಿಲಾಂಗ್ ಹಿಯರ್’ ಎಂದರೆ ಬೇರೆಯೇ: ಇಲ್ಲಿ ನಾನು ಹೊರಗಿನವನಲ್ಲ ಎಂಬ ಭಾವ.

ಅದನ್ನು ವಾಕ್ಯದಲ್ಲಿ ಬಳಸಿ ತರಲು ಹೇಳಿದೆ. ಸಾಯನ್‌ನವನು ತಲೆ ಕೆರೆದುಕೊಂಡ. “ಮಾಷ್ಟ್ರೇ, ಇಲ್ಲಿ ನನ್ನನ್ನು ಊರು ಯಾವುದೆಂದು ಕೇಳುತ್ತಾರೆ. ಊರಿಗೆ ಹೋದರೆ, ಮುಂಬಯಿಗೆ ವಾಪಸು ಯಾವಾಗ ಎನ್ನುತ್ತಾರೆ. ‘ಹಿಯರ್’ ಎಂದರೆ ಯಾವುದೆಂದು ಬರೆಯಲಿ?”

ಮರುದಿನ ಎರಡು ಊರಿಗೂ ‘ಫ್ರಮ್’ ಹಾಕಿ, ಎರಡು ವಾಕ್ಯ ಬರೆದು ತಂದ. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಸರಿ ಗುರುತು ಹಾಕಿ ಪುಸ್ತಕ ಹಿಂದಿರುಗಿಸಿದೆ.