ಹಳೆ ಮಿಲ್ಲಿನಲ್ಲಿ ಮನೆ ಹಿಡಿಯುವ ಮುನ್ನ

ಹೊರದೇಶದ ನಮ್ಮ ಕನ್ನಡ ಸಂಘಕ್ಕೆ ಬರುವ ಫೋನುಗಳಲ್ಲಿ ಈಗೀಗ ಈ ಪ್ರಶ್ನೆ ಜಾಸ್ತಿ: "ಹಳೆ ಮಿಲ್ಲನ್ನು ಫ್ಲ್ಯಾಟ್ ಮಾಡಿದ್ದಾರೆ, ಚೆನ್ನಾಗಿದೆ, ತಗೋಬಹುದಾ?" ತಗೋಬಹುದು. ಇಟ್ಟಿಗೆ ಗೋಡೆ, ಆಳೆತ್ತರದ ಕಿಟಕಿ, ಪಕ್ಕದಲ್ಲೇ ನದಿ. ಯಾರಿಗೆ ಬೇಡ ಹೇಳಿ? ಆದರೆ ಬಾಡಿಗೆ ವಿಚಾರಿಸುವ ಮುಂಚೆ ಏಜೆಂಟರನ್ನು ಇದೊಂದು ಕೇಳಿ: "ಇಲ್ಲಿ ಮೊದಲು ಏನಿತ್ತು?" ಆ ಮನೆಯ ಸುಖ, ಕಷ್ಟ ಎರಡೂ ಬಹುಪಾಲು ಆ ಉತ್ತರದಲ್ಲೇ ಇರುತ್ತವೆ.

ಬಟ್ಟೆ ಮಿಲ್ಲು ಅಂದರೆ ಕಿಟಕಿ ದೊಡ್ಡದು. ಕರೆಂಟ್ ದೀಪ ಬರುವ ಮುಂಚೆ ನೂಲಿನ ಎಳೆ ಕಾಣಲು ಹಗಲು ಬೆಳಕೇ ಗತಿ. ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದ್ದರೆ ಕಿಟಕಿ ಬದಲಿಸುವುದು ಸುಲಭವಲ್ಲ, ಹಾಗಾಗಿ ಎಷ್ಟೋ ಕಡೆ ಇನ್ನೂ ಒಂದೇ ಪದರದ ಗಾಜು. ಅಂಥ ಮನೆಯಲ್ಲಿ ನಾವು ಮೂರು ಚಳಿಗಾಲ ಕಳೆದೆವು. ಬೆಳಿಗ್ಗೆ ಎದ್ದರೆ ಗಾಜಿನ ಮೇಲಿಂದ ಇಳಿದ ನೀರು ಕಿಟಕಿಯ ಕಟ್ಟೆ ತುಂಬ ನಿಂತಿರುತ್ತಿತ್ತು. ಟವೆಲ್ ಹಾಸಿ, ಒರೆಸಿ, ಹಿಂಡಿ, ಮತ್ತೆ ಒರೆಸಬೇಕು. ಸೀಲಿಂಗ್ ಎತ್ತರ ಬೇರೆ, ಹೀಟರಿನ ಬಿಸಿಯೆಲ್ಲ ಮೇಲೆ ಹೋಗಿ ಕೂರುತ್ತದೆ. ಕಾಲು ತಣ್ಣಗೇ. ಹೋದ ಚಳಿಗಾಲದ ಬಿಲ್ ತೋರಿಸಿ ಅಂತ ಕೇಳಿ, ಸಂಕೋಚ ಬೇಡ.

ನೆಲವನ್ನೂ ನೋಡಿ. ದಪ್ಪ ತೊಲೆಯ ಮೇಲೆ ಹಲಗೆ ಹಾಸಿದ ನೆಲ ಮಗ್ಗದ ಭಾರ ಹೊತ್ತಿದೆ, ನಿಜ. ಸದ್ದು ಮಾತ್ರ ಹಾಗೇ ಕೆಳಗಿಳಿಯುತ್ತದೆ. ನಮ್ಮ ಮಗಳಿಗೆ ಮೂರು ಚಕ್ರದ ಸೈಕಲ್ ತಂದ ಎರಡನೇ ದಿನವೇ ಕೆಳಗಿನ ಮನೆಯವರು ಬಾಗಿಲು ತಟ್ಟಿದರು. ಪಾಪ, ಅವರ ತಪ್ಪೇನೂ ಇರಲಿಲ್ಲ. ಮಕ್ಕಳಿರುವವರು ನೆಲಮಹಡಿ ಹಿಡಿಯಿರಿ ಅನ್ನೋಣ ಅಂದರೆ ಅಲ್ಲಿ ಇನ್ನೊಂದು ಪೇಚು. ಯಂತ್ರ ತಿರುಗಿಸಲು, ಸರಕು ಸಾಗಿಸಲು ನೀರು ಬೇಕು ಅಂತಲೇ ಮಿಲ್ಲುಗಳನ್ನು ನದಿ, ಕಾಲುವೆ ದಂಡೆಯಲ್ಲಿ ಕಟ್ಟಿದ್ದು. ಊರಾಡಳಿತದ ಪ್ರವಾಹ ನಕ್ಷೆ ಇದ್ದರೆ ನೋಡಿ, ಕಾರು ನೆಲಮಾಳಿಗೆಯಲ್ಲಿ ನಿಲ್ಲುತ್ತದೆಯೇ ಅಂತಲೂ ಕೇಳಿ.

ಹಳೆ ಬಣ್ಣದಲ್ಲಿರುವ ಸೀಸದ (ಲೆಡ್) ವಿಷಯ ಮಾತ್ರ ಹಗುರವಾಗಿ ತಗೊಳ್ಳಬೇಡಿ, ಮಕ್ಕಳಿಗೆ ಅದು ವಿಷ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ. ಅದಕ್ಕಿಂತ ಹಳೆ ಮನೆ ಬಾಡಿಗೆಗೆ ಕೊಡುವವರು ತಮಗೆ ಗೊತ್ತಿರುವಷ್ಟನ್ನು ಬರಹದಲ್ಲಿ ತಿಳಿಸಲೇಬೇಕು ಅಂತ ಅಲ್ಲಿ ಕಾನೂನಿದೆ. ಬೇರೆ ದೇಶದಲ್ಲಿದ್ದರೂ ನೀವಾಗಿ ಕೇಳಿ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನೇ ಬಾಯಿಗೆ ಹಾಕುತ್ತದೆ, ಅಲ್ವಾ? ಕಿಟಕಿ ಚೌಕಟ್ಟಿನಲ್ಲಿ ಬಣ್ಣ ಚಕ್ಕೆ ಎದ್ದಿದ್ದರೆ ಕೆರೆಯಬೇಡಿ, ಒಣ ಪೊರಕೆಯಲ್ಲಿ ಗುಡಿಸಲೂಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಾಗೇ ಪೈಪಿನ ಸುತ್ತಲಿನ ಹಳೆ ಹೊದಿಕೆಗೆ ಡ್ರಿಲ್ ತಾಗಿಸಬೇಡಿ, ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಬ್ರಿಟನ್ನಿನಲ್ಲಿ ಅದರ ಬಳಕೆ ಪೂರ್ತಿ ನಿಂತದ್ದೇ 1999ರಲ್ಲಿ.

ಮಣ್ಣೂ ಹಾಗೆಯೇ, ಹಳೆ ಕಾರ್ಖಾನೆಯ ವಿಷ ಅದರಲ್ಲಿ ಉಳಿದಿರಬಹುದು. ಸಿಯಾಟಲ್‌ನ ಗ್ಯಾಸ್ ವರ್ಕ್ಸ್ ಪಾರ್ಕ್ ಇರುವ ಜಾಗದಲ್ಲಿ 1906ರಿಂದ 1956ರವರೆಗೆ ಗ್ಯಾಸ್ ತಯಾರಾಗುತ್ತಿತ್ತು. 1975ರಲ್ಲಿ ಅದು ಪಾರ್ಕ್ ಆಯಿತು, ಮಣ್ಣು ಸರಿಪಡಿಸುವ ಕೆಲಸ ಆಮೇಲೂ ನಡೆಯಿತು. ಹಿತ್ತಲಲ್ಲಿ ಸೊಪ್ಪು ಬೆಳೆಯುವ ಆಸೆ ಇದ್ದರೆ ಮಣ್ಣು ಪರೀಕ್ಷೆ ಮಾಡಿಸಿ. ಅದಾಗುವವರೆಗೆ ಮರದ ಪೆಟ್ಟಿಗೆಗೆ ಹೊರಗಿನ ಮಣ್ಣು ತುಂಬಿ ಬೆಳೆಯಿರಿ, ತಳದಲ್ಲಿ ದಪ್ಪ ಬಟ್ಟೆ ಹಾಸಿ.

ಮನೆ ನೋಡಲು ಎರಡು ಸಲ ಹೋಗಿ. ಭಾನುವಾರ ಬೆಳಿಗ್ಗೆ ಎಲ್ಲ ಬಡಾವಣೆಯೂ ಶಾಂತ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಹೋದರೆ ಕೆಳಗಿನ ಬಾರು, ಹಿಂದಿನ ಗೂಡ್ಸ್ ರೈಲು ಎರಡೂ ಕೇಳಿಸುತ್ತವೆ. ಇಂಥ ಕಡೆ ಕಾಫಿ ಅಂಗಡಿ ಮೊದಲು ಬರುತ್ತದೆ, ಶಾಲೆ, ಡಾಕ್ಟರು ನಿಧಾನಕ್ಕೆ. ಶಾಲೆಯ ದಾಖಲಾತಿ ಗಡಿ ಯಾವ ಬೀದಿವರೆಗೆ ಅಂತ ಮೊದಲೇ ತಿಳಿದುಕೊಳ್ಳಿ. ಬಾಡಿಗೆ ವರ್ಷ ವರ್ಷ ಎಷ್ಟು ಏರಬಹುದು ಅನ್ನುವುದು ಕರಾರಿನಲ್ಲಿರಲಿ.

ಕೊನೆಗೆ ಒಂದು ಮಾತು, ಇದು ನನ್ನದೇ ಪೆದ್ದುತನ. ಬಂದ ಹೊಸತರಲ್ಲಿ ಪಕ್ಕದ ಬೀದಿಯ ಹಿರಿಯರೊಬ್ಬರ ಹತ್ತಿರ "ಮೊದಲು ಇಲ್ಲಿ ಏನೂ ಇರಲಿಲ್ಲವಂತೆ" ಅಂದುಬಿಟ್ಟೆ. ಅವರು ಅದೇ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ದುಡಿದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ಹಾಲ್ ಇರುವ ಜಾಗದಲ್ಲಿ ಯಾವ ಯಂತ್ರವಿತ್ತು ಅಂತ ಹೇಳಿದರು. ಆಮೇಲೆ ನಮ್ಮ ಬೀದಿಯ ಯಾವ ಮೋರಿ ಮೊದಲ ಮಳೆಗೇ ಕಟ್ಟಿಕೊಳ್ಳುತ್ತದೆ, ಕಾರು ಎಲ್ಲಿ ನಿಲ್ಲಿಸಬಾರದು ಅಂತಲೂ ತೋರಿಸಿದರು. ಏಜೆಂಟರಿಗೆ ಅದು ಗೊತ್ತೇ ಇರಲಿಲ್ಲ.